ಹಳೆಯ ಜಾಂಗೊ ಪ್ರಾಜೆಕ್ಟ್‌ಗೆ ಜಾವಾಸ್ಕ್ರಿಪ್ಟ್ ಮತ್ತು ಸ್ಯಾಸ್ ಸಲಕರಣೆಗಳನ್ನು ಹೊಸದಾಗಿ ಜೋಡಿಸುವುದು ಹೇಗೆ?

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸಹಕಾರ ಸಂಘವೊಂದರ ಸದಸ್ಯತ್ವ ಮತ್ತು ಸಾಲದ ಲೆಕ್ಕಗಳನ್ನು ನೋಡಿಕೊಳ್ಳುವ ವೆಬ್ ಅಪ್ಲಿಕೇಶನ್‌ನ ನಿರ್ವಹಣೆ ಈಚೆಗೆ ನನ್ನ ಪಾಲಿಗೆ ಬಂದಿದೆ. ಅದರ ಬ್ಯಾಕೆಂಡ್ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಜಾಂಗೊದಲ್ಲಿದ್ದು, ಪುಟಗಳೆಲ್ಲ ಜಾಂಗೊ ಟೆಂಪ್ಲೇಟ್‌ಗಳಿಂದಲೇ ಸಿದ್ಧವಾಗುತ್ತವೆ. ರಿಯಾಕ್ಟ್, ವ್ಯೂ ಮುಂತಾದ ಯಾವ ಫ್ರೇಮ್‌ವರ್ಕೂ ಇಲ್ಲ. ಬ್ರೌಸರ್ ಬದಿಯಲ್ಲಿ ಜೆಕ್ವೆರಿ, ದಿನಾಂಕ ಆರಿಸುವ ಒಂದು ಪ್ಲಗಿನ್, ಕೋಷ್ಟಕಗಳಿಗೆ ಇನ್ನೊಂದು ಪ್ಲಗಿನ್ ಮತ್ತು ಹಲವು ಫೋಲ್ಡರ್‌ಗಳಲ್ಲಿ ಹರಡಿರುವ ಸ್ಯಾಸ್ (ಸಿಎಸ್‌ಎಸ್ ಆಗಿ ಪರಿವರ್ತನೆಯಾಗುವ ಶೈಲಿ ಭಾಷೆ) ಫೈಲ್‌ಗಳಿವೆ. ಇವನ್ನೆಲ್ಲ ಒಟ್ಟುಗೂಡಿಸಲು 2017ರ ಸುಮಾರಿನಲ್ಲಿ ಗಲ್ಪ್ 3 (ಬಿಲ್ಡ್ ಕೆಲಸಗಳನ್ನು ಓಡಿಸುವ ಸಲಕರಣೆ) ಮತ್ತು ನೋಡ್-ಸ್ಯಾಸ್ ಬಳಸಿದ ವ್ಯವಸ್ಥೆಯನ್ನು ಯಾರೋ ಕಟ್ಟಿಟ್ಟಿದ್ದಾರೆ. ಕಂಪೈಲ್ ಆದ ಸಿಎಸ್‌ಎಸ್ ಫೈಲ್ ಗಿಟ್‌ನೊಳಗೇ ಇರುವುದರಿಂದ ಸರ್ವರ್‌ನಲ್ಲಿ ಯಾವ ತೊಂದರೆಯೂ ಕಾಣಿಸಿಕೊಂಡಿಲ್ಲ.

ತೊಂದರೆ ಇರುವುದು ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ. ನೋಡ್ 22 (ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಇರುವ ಈ ಯಂತ್ರದಲ್ಲಿ ಪ್ಯಾಕೇಜುಗಳನ್ನು ತರುವ ಎನ್‌ಪಿಎಂ ಇನ್‌ಸ್ಟಾಲ್ ಕೊಟ್ಟರೆ, ಪೈಥಾನ್ ಮತ್ತು ಸಿ++ ಕಂಪೈಲರ್‌ಗಳ ಹೆಸರನ್ನು ಹೇಳುತ್ತಾ ನೋಡ್-ಜಿಪ್ ಎಂಬ ಕಂಪೈಲ್ ಸಲಕರಣೆ ಉದ್ದನೆಯ ಎರರ್ ಉಗುಳಿ ನಿಂತುಬಿಡುತ್ತದೆ. ನೋಡ್-ಸ್ಯಾಸನ್ನು ಬದಿಗಿಟ್ಟು ಗಲ್ಪ್ ಒಂದನ್ನೇ ಓಡಿಸಲು ಹೋದರೆ "ಪ್ರೈಮೋರ್ಡಿಯಲ್ಸ್ ಈಸ್ ನಾಟ್ ಡಿಫೈನ್ಡ್" ಎನ್ನುತ್ತದೆ. ನೋಡ್ 10 ಹಾಕಿಕೊಂಡರೆ ಎರಡೂ ಸರಿಯಾಗುತ್ತವೆ. ಆದರೆ ಭದ್ರತಾ ಪರಿಹಾರಗಳು ನಿಂತುಹೋಗಿ ವರ್ಷಗಳೇ ಕಳೆದ ಆವೃತ್ತಿಯ ಮೇಲೆ ಹಣಕಾಸಿನ ಅಪ್ಲಿಕೇಶನ್ನಿನ ಕೆಲಸ ಮಾಡಲು ನನಗೆ ಮನಸ್ಸಿಲ್ಲ.

ನನ್ನ ಪ್ರಶ್ನೆಗಳು ಇವು. ಗಲ್ಪನ್ನೇ ದುರಸ್ತಿ ಮಾಡಿಕೊಳ್ಳಬೇಕೇ, ಅಥವಾ ವೆಬ್‌ಪ್ಯಾಕ್ ಇಲ್ಲವೇ ವೀಟ್‌ಗೆ ಹೋಗಬೇಕೇ? ಟೆಂಪ್ಲೇಟ್‌ಗಳಿಂದ ನಡೆಯುವ ಇಂತಹ ಅಪ್ಲಿಕೇಶನ್‌ಗೆ ಬಂಡ್ಲರ್ (ವೆಬ್‌ಪ್ಯಾಕ್, ವೀಟ್‌ಗಳಂತೆ ಹಲವು ಫೈಲ್‌ಗಳನ್ನು ಒಟ್ಟುಗೂಡಿಸುವ ಸಲಕರಣೆ) ನಿಜಕ್ಕೂ ಬೇಕೇ? ಕಂಪೈಲ್ ಆದ ಫೈಲ್‌ಗಳು ಗಿಟ್‌ನಲ್ಲಿರಬೇಕೇ? ಇಡೀ ಅಪ್ಲಿಕೇಶನ್ ಕನ್ನಡದಲ್ಲಿರುವುದರಿಂದ ಫಾಂಟ್‌ಗಳ ವಿಷಯದಲ್ಲಿ ಗಮನಿಸಬೇಕಾದದ್ದು ಏನಾದರೂ ಇದ್ದರೆ ಅದನ್ನೂ ದಯವಿಟ್ಟು ತಿಳಿಸಿ.

—

ಪುಟಶಿಲ್ಪ:

ತುಂಗಾತೀರ ಅವರೇ, ನೀವು ಕಂಡ ಎರಡು ಎರರ್‌ಗಳಿಗೂ ಕಾರಣ ಬೇರೆ ಬೇರೆ. ಅವನ್ನು ಬಿಡಿಸಿಕೊಂಡರೆ ಮುಂದಿನ ತೀರ್ಮಾನ ಸುಲಭವಾಗುತ್ತದೆ.

ನೋಡ್-ಸ್ಯಾಸ್ ಸ್ವತಃ ಕಂಪೈಲರ್ ಅಲ್ಲ. ಸಿ++ನಲ್ಲಿ ಬರೆದ ಲಿಬ್‌ಸ್ಯಾಸ್‌ಗೆ ಅದು ಒಂದು ಹೊದಿಕೆ ಮಾತ್ರ. ನೋಡ್‌ನ ಪ್ರತಿ ಮುಖ್ಯ ಆವೃತ್ತಿಗೂ ಅದರ ಬೈನರಿ ಬೇರೆಯಾಗಿಯೇ ಇರಬೇಕು. ಸಿದ್ಧ ಬೈನರಿ ಸಿಗದಿದ್ದಾಗ ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳಲು ಹೊರಡುತ್ತದೆ. ಪೈಥಾನ್ ಕೇಳುವುದು ಆಗಲೇ. ಲಿಬ್‌ಸ್ಯಾಸನ್ನು ಕೈಬಿಡಲಾಗುತ್ತದೆಂದು ಸ್ಯಾಸ್ ತಂಡದವರೇ 2020ರ ಅಕ್ಟೋಬರ್‌ನಲ್ಲಿ ಘೋಷಿಸಿದ್ದಾರೆ. ಆದ್ದರಿಂದ ಆ ದಾರಿಯಲ್ಲಿ ಶ್ರಮ ಹಾಕುವುದು ಬೇಡ. ಅದರ ಸ್ಥಾನದಲ್ಲಿ "ಸ್ಯಾಸ್" ಎಂಬ ಹೆಸರಿನ ಪ್ಯಾಕೇಜನ್ನೇ ಬಳಸಿ. ಅದು ಡಾರ್ಟ್ ಸ್ಯಾಸನ್ನು ಜಾವಾಸ್ಕ್ರಿಪ್ಟ್‌ಗೆ ಪರಿವರ್ತಿಸಿದ ರೂಪವಾದ್ದರಿಂದ ಯಾವ ಕಂಪೈಲರ್‌ನ ಹಂಗೂ ಇಲ್ಲದೆ ಇನ್‌ಸ್ಟಾಲ್ ಆಗುತ್ತದೆ.

ಎರಡನೆಯ ಎರರ್ ಗಲ್ಪ್ 3ರದ್ದು. ಅದು ಅವಲಂಬಿಸಿರುವ ಹಳೆಯ ಗ್ರೇಸ್‌ಫುಲ್-ಎಫ್‌ಎಸ್ ಪ್ಯಾಕೇಜು ನೋಡ್‌ನ ಒಳಗಿನ ಕೋಡನ್ನು ನೇರವಾಗಿ ಎಳೆದುಕೊಳ್ಳುತ್ತಿತ್ತು. 2019ರಲ್ಲಿ ಬಂದ ನೋಡ್ 12ರಲ್ಲಿ ಆ ಒಳರಚನೆ ಬದಲಾದದ್ದರಿಂದ ಅಂದಿನಿಂದ ಗಲ್ಪ್ 3 ಏಳುವುದೇ ಇಲ್ಲ. ಗಲ್ಪ್ 4ಕ್ಕೆ ಹೋಗಬಹುದು, ಆದರೆ ಟಾಸ್ಕ್‌ಗಳನ್ನೆಲ್ಲ ಸೀರೀಸ್ ಮತ್ತು ಪ್ಯಾರಲಲ್ ಕ್ರಮದಲ್ಲಿ ಮತ್ತೆ ಬರೆಯಬೇಕಾಗುತ್ತದೆ. ಅಷ್ಟು ಕೆಲಸ ಮಾಡುವುದೇ ಆದರೆ ವೀಟ್‌ಗೆ ಹೋಗುವುದು ಮೇಲು ಎಂಬುದು ನನ್ನ ಅಭಿಪ್ರಾಯ. ವೆಬ್‌ಪ್ಯಾಕ್ 5 ಇಂದಿಗೂ ಗಟ್ಟಿಯಾದ ಸಲಕರಣೆಯೇ. ಆದರೂ ಸ್ಯಾಸ್‌ಗೊಂದು ಲೋಡರ್, ಸಿಎಸ್‌ಎಸ್‌ಗೊಂದು ಲೋಡರ್, ಹೊರತೆಗೆಯಲು ಒಂದು ಪ್ಲಗಿನ್ ಎಂದು ನೀವೇ ಪೋಣಿಸಬೇಕಾದದ್ದು ಅಲ್ಲಿ ಹೆಚ್ಚು. ವೀಟ್‌ನಲ್ಲಿ ಸ್ಯಾಸ್ ಪ್ಯಾಕೇಜನ್ನು ಹಾಕಿಕೊಂಡರೆ ಸಾಕು, ಬೇರೇನೂ ಹೇಳದೆಯೇ ಎಸ್‌ಸಿಎಸ್‌ಎಸ್ ಫೈಲ್‌ಗಳನ್ನು ಅದು ಓದುತ್ತದೆ.

ಆದರೆ ಎರಡನ್ನೂ ಒಂದೇ ಸಲ ಬದಲಿಸಬೇಡಿ ಎಂದು ಒತ್ತಿ ಹೇಳುತ್ತೇನೆ. ಮೊದಲು ಸ್ಯಾಸ್ ಕಂಪೈಲರ್ ಒಂದನ್ನೇ ಬದಲಿಸಿ, ಕಮಾಂಡ್ ಲೈನ್‌ನಿಂದ ಓಡಿಸಿ. ನೋಡ್ 10ರಲ್ಲಿ ಹಳೆಯ ವ್ಯವಸ್ಥೆಯಿಂದ ಬಂದ ಸಿಎಸ್‌ಎಸ್ ಮತ್ತು ಹೊಸದರಿಂದ ಬಂದ ಸಿಎಸ್‌ಎಸ್ ಎರಡನ್ನೂ ಕುಗ್ಗಿಸದೆ, ವಿಸ್ತೃತ ರೂಪದಲ್ಲೇ ಇಟ್ಟುಕೊಂಡು ಡಿಫ್ ಮಾಡಿ (ಸಾಲು ಸಾಲಾಗಿ ಹೋಲಿಸಿ) ನೋಡಿ. ಸಾವಿರಾರು ಸಾಲು ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಲಿಬ್‌ಸ್ಯಾಸ್ ದಶಮಾಂಶದ ನಂತರ 5 ಅಂಕಿಗಳನ್ನು ಬರೆಯುತ್ತಿತ್ತು, ಡಾರ್ಟ್ ಸ್ಯಾಸ್ 10 ಅಂಕಿಗಳವರೆಗೆ ಬರೆಯುತ್ತದೆ, 33.33333% ಇದ್ದಲ್ಲಿ 33.3333333333% ಬರುತ್ತದೆ. ಇಂತಹವನ್ನು ಬಿಟ್ಟು ಉಳಿಯುವ ವ್ಯತ್ಯಾಸಗಳನ್ನು ಮಾತ್ರ ಒಂದೊಂದಾಗಿ ಪರಿಶೀಲಿಸಿ. ಓರೆಗೆರೆಯ ಭಾಗಾಕಾರ ಮತ್ತು ಇಂಪೋರ್ಟ್ ನಿಯಮಗಳ ಬಗ್ಗೆ ಎಚ್ಚರಿಕೆಗಳ ಸುರಿಮಳೆಯೇ ಬರುತ್ತದೆ. ಇಂಪೋರ್ಟ್ ನಿಯಮವನ್ನು 2024ರ ಅಕ್ಟೋಬರ್‌ನ 1.80 ಆವೃತ್ತಿಯಿಂದ ಹಿಂತೆಗೆಯುವ ಪಟ್ಟಿಗೆ ಸೇರಿಸಿದ್ದಾರೆ, ಸ್ಯಾಸ್ 3.0ರಲ್ಲಿ ಅದು ಇರುವುದಿಲ್ಲ. ಸದ್ಯಕ್ಕೆ ಅವು ಎಚ್ಚರಿಕೆಗಳಷ್ಟೇ, ಕೆಲಸ ನಿಲ್ಲುವುದಿಲ್ಲ. ಬಿಡುವಾದಾಗ ಸ್ಯಾಸ್-ಮೈಗ್ರೇಟರ್ ಎಂಬ ಅಧಿಕೃತ ಸಲಕರಣೆಯಿಂದ ಮೊದಲು ಭಾಗಾಕಾರವನ್ನೂ ಆಮೇಲೆ ಇಂಪೋರ್ಟ್‌ಗಳನ್ನೂ ಸರಿಪಡಿಸಿಕೊಳ್ಳಿ.

ಅನಂತರ ವೀಟ್. ಜಾಂಗೊ ಜೊತೆಗೆ ಅದನ್ನು ಕೂಡಿಸುವಾಗ ಮೂರು ಸಂಗತಿಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ವೀಟ್‌ನ ಕಾನ್ಫಿಗ್‌ನಲ್ಲಿ ಬೇಸ್ ವಿಳಾಸವು ಜಾಂಗೊದ ಸ್ಟ್ಯಾಟಿಕ್ ಯುಆರ್‌ಎಲ್‌ಗೆ ಹೊಂದಬೇಕು, ಇಲ್ಲವಾದರೆ ಸಿಎಸ್‌ಎಸ್ ಒಳಗಿನ ಚಿತ್ರ ಮತ್ತು ಫಾಂಟ್‌ಗಳ ವಿಳಾಸಗಳು ಸೈಟಿನ ಬೇರಿನಿಂದ ಹುಡುಕಿ 404 ಕೊಡುತ್ತವೆ. ಬಿಲ್ಡ್‌ನ ಮ್ಯಾನಿಫೆಸ್ಟ್ ಆಯ್ಕೆಯನ್ನು ಆನ್ ಮಾಡಬೇಕು. ಯಾವ ಮೂಲ ಫೈಲ್ ಯಾವ ಹ್ಯಾಶ್ ಹೆಸರಿನಲ್ಲಿ (ಒಳಗಿನ ವಿಷಯದಿಂದ ಲೆಕ್ಕಹಾಕಿದ ಗುರುತು ಸೇರಿದ ಹೆಸರಿನಲ್ಲಿ) ಹೊರಬಂದಿದೆ ಎಂಬ ಪಟ್ಟಿ ಅದು, ಟೆಂಪ್ಲೇಟ್‌ಗಳು ಅದನ್ನು ಓದಿಯೇ ಸರಿಯಾದ ಟ್ಯಾಗ್ ಬರೆಯುತ್ತವೆ. ಜಾಂಗೊ-ವೀಟ್ ಪ್ಯಾಕೇಜು ಈ ಓದುವ ಕೆಲಸವನ್ನು ಮಾಡಿಕೊಡುತ್ತದೆ. ಅಭಿವೃದ್ಧಿಯ ಸಮಯದಲ್ಲಿ 5173ನೇ ಪೋರ್ಟ್‌ನ ವೀಟ್ ಸರ್ವರ್‌ಗೆ, ಪ್ರೊಡಕ್ಷನ್‌ನಲ್ಲಿ ಮ್ಯಾನಿಫೆಸ್ಟ್‌ಗೆ ಅದರ ಡೆವ್-ಮೋಡ್ ಸೆಟ್ಟಿಂಗ್‌ಗೆ ತಕ್ಕಂತೆ ಹೊರಳಿಕೊಳ್ಳುತ್ತದೆ. ಮೂರನೆಯದಾಗಿ, ಮುಖ್ಯ ಎಸ್‌ಸಿಎಸ್‌ಎಸ್ ಫೈಲನ್ನು ಜಾವಾಸ್ಕ್ರಿಪ್ಟ್ ಒಳಗಿಂದ ಇಂಪೋರ್ಟ್ ಮಾಡದೆ ಪ್ರತ್ಯೇಕ ಎಂಟ್ರಿಯಾಗಿ ಕೊಡಿ. ಹಾಗೆ ಮಾಡದಿದ್ದರೆ, ಅಭಿವೃದ್ಧಿಯ ವೇಳೆ ಸ್ಕ್ರಿಪ್ಟ್ ಓಡಿದ ಮೇಲಷ್ಟೇ ಶೈಲಿ ಅಂಟಿಕೊಳ್ಳುವುದರಿಂದ ಪ್ರತಿ ಸಲವೂ ಪುಟ ಒಂದು ಕ್ಷಣ ಬೋಳಾಗಿ ಕಂಡು ಆಮೇಲೆ ಸರಿಹೋಗುತ್ತದೆ.

ಗಿಟ್ ಬಗ್ಗೆ: ಕಂಪೈಲ್ ಆದ ಫೈಲ್‌ಗಳು ಬೇಡ, ಪ್ಯಾಕೇಜ್-ಲಾಕ್ ಫೈಲ್ ಮಾತ್ರ ಖಂಡಿತ ಇರಲಿ. ಸರ್ವರ್‌ಗೆ ಕಳುಹಿಸುವ ಮುನ್ನ ಬಿಲ್ಡ್ ಮಾಡುವ ಜಾಗದಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬಳಸಿ. ಅದು ಲಾಕ್ ಫೈಲ್‌ನಲ್ಲಿ ಬರೆದ ಆವೃತ್ತಿಗಳನ್ನೇ ತರುತ್ತದೆ, ಪ್ಯಾಕೇಜ್ ಜೇಸನ್‌ಗೂ ಲಾಕ್‌ಗೂ ತಾಳೆಯಾಗದಿದ್ದರೆ ಮುಂದುವರಿಯದೆ ನಿಲ್ಲುತ್ತದೆ. ಡಾಕರ್ (ಅಪ್ಲಿಕೇಶನ್ನನ್ನು ಇಮೇಜಾಗಿ ಕಟ್ಟಿ ಓಡಿಸುವ ಸಲಕರಣೆ) ಬಳಸುತ್ತಿದ್ದರೆ ಮೊದಲ ಹಂತದಲ್ಲಿ ನೋಡ್ ಇಮೇಜಿನಲ್ಲಿ ಬಿಲ್ಡ್ ಮಾಡಿ, ಬಂದ ಫಲವನ್ನು ಮಾತ್ರ ಎರಡನೆಯ ಹಂತದ ಪೈಥಾನ್ ಇಮೇಜಿಗೆ ನಕಲು ಮಾಡಿ. ಹಣಕಾಸಿನ ಸರ್ವರ್‌ನಲ್ಲಿ ನೋಡ್ ಇರಬೇಕಾದ ಅಗತ್ಯವೇ ಇಲ್ಲ. ಬಿಲ್ಡ್ ಹಂತದಲ್ಲಿ ನೋಡ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ ಪ್ರೊಡಕ್ಷನ್ ಎಂದಿದ್ದರೆ ಡೆವ್-ಡಿಪೆಂಡೆನ್ಸಿಗಳು ಇನ್‌ಸ್ಟಾಲ್ ಆಗುವುದಿಲ್ಲ, ಆಗ ವೀಟ್ ಕಮಾಂಡೇ ಸಿಗುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಿ.

—

ನೇರದಾರಿ:

ಪುಟಶಿಲ್ಪ ಅವರು ವಿವರಿಸಿದ ಕ್ರಮ ಸರಿಯಾಗಿದೆ. ಆದರೆ ಬಂಡ್ಲರ್ ನಿಜಕ್ಕೂ ಬೇಕೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಈ ಅಪ್ಲಿಕೇಶನ್‌ಗೆ ಅದು ಬೇಕಿಲ್ಲ ಎಂದು ನಾನು ಗಂಭೀರವಾಗಿ ವಾದಿಸುತ್ತೇನೆ.

2017ರಲ್ಲಿ ಬಂಡ್ಲರ್ ಅನಿವಾರ್ಯವಾಗಿತ್ತು, ಏಕೆಂದರೆ ಬ್ರೌಸರ್‌ಗಳಿಗೆ ಮಾಡ್ಯೂಲ್‌ಗಳು ಸರಿಯಾಗಿ ತಿಳಿಯುತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ಸಫಾರಿ 16.4 ಬಂದ ಮೇಲೆ ಎಲ್ಲ ಪ್ರಮುಖ ಬ್ರೌಸರ್‌ಗಳೂ ಇಂಪೋರ್ಟ್ ಮ್ಯಾಪ್‌ಗಳನ್ನು (ಮಾಡ್ಯೂಲ್‌ನ ಹೆಸರಿಗೆ ಅದರ ಫೈಲ್ ವಿಳಾಸ ತಿಳಿಸುವ ಪಟ್ಟಿಗಳನ್ನು) ಬಲ್ಲವು. ಸಿಎಸ್‌ಎಸ್ ನೆಸ್ಟಿಂಗ್ (ಒಂದು ನಿಯಮದೊಳಗೆ ಇನ್ನೊಂದನ್ನು ಬರೆಯುವುದು) ಕೂಡ ಅದೇ ವರ್ಷ ಎಲ್ಲ ಕಡೆಗೂ ಬಂತು. 2021ರ ಡಿಸೆಂಬರ್‌ನಲ್ಲಿ ಬಂದ ರೂಬಿ ಭಾಷೆಯ ವೆಬ್ ಫ್ರೇಮ್‌ವರ್ಕ್ ರೈಲ್ಸ್ 7 ಹೊಸ ಪ್ರಾಜೆಕ್ಟ್‌ಗಳಿಗೆ ಬಂಡ್ಲರ್ ಇಲ್ಲದ ಇಂಪೋರ್ಟ್ ಮ್ಯಾಪ್ ದಾರಿಯನ್ನೇ ಮೂಲ ಆಯ್ಕೆಯಾಗಿ ಇಟ್ಟಿತು. ಹೆಚ್ಚಿನ ಕೆಲಸ ಸರ್ವರ್‌ನಲ್ಲೇ ನಡೆಯುವ ಅಪ್ಲಿಕೇಶನ್‌ಗಳಿಗೆ ಇದು ಸಾಕು.

ನೋಡ್ ಪ್ಯಾಕೇಜುಗಳ ಸಂಖ್ಯೆ ಹೆಚ್ಚಿದಷ್ಟೂ ಅಪಾಯವೂ ಹೆಚ್ಚುತ್ತದೆ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಹಿಂತೆಗೆದುಕೊಂಡಾಗ ಪ್ರಪಂಚದಾದ್ಯಂತ ಬಿಲ್ಡ್‌ಗಳು ನಿಂತವು. ಸದಸ್ಯರ ಸಾಲದ ಮಾಹಿತಿ ಇರುವ ಅಪ್ಲಿಕೇಶನ್‌ನಲ್ಲಿ, ಪ್ರತಿಯೊಂದು ಹೆಚ್ಚುವರಿ ಪ್ಯಾಕೇಜೂ ಯಾರಾದರೂ ಕಾಲಕಾಲಕ್ಕೆ ಗಮನಿಸುತ್ತಿರಬೇಕಾದ ಹೊಣೆ.

ಹಾಗೆಂದು ಈ ದಾರಿಯ ಮಿತಿಗಳನ್ನು ಮುಚ್ಚಿಡುವುದಿಲ್ಲ. ಬ್ರೌಸರ್‌ನ ನೆಸ್ಟಿಂಗ್‌ನಲ್ಲಿ ಆಂಪರ್ಸೆಂಡ್‌ಗೆ ಬಾಲ ಅಂಟಿಸಿ ಹೊಸ ಕ್ಲಾಸ್ ಹೆಸರು ಹುಟ್ಟಿಸಲು ಆಗುವುದಿಲ್ಲ. ಸ್ಯಾಸ್‌ನಲ್ಲಿ ಬೆಮ್ ಪದ್ಧತಿಯಲ್ಲಿ (ಬ್ಲಾಕ್, ಎಲಿಮೆಂಟ್, ಮಾಡಿಫೈಯರ್ ಎಂದು ಕ್ಲಾಸ್‌ಗಳಿಗೆ ಹೆಸರಿಡುವ ಕ್ರಮದಲ್ಲಿ) ಬರೆದಿದ್ದರೆ ಆ ಭಾಗಗಳನ್ನೆಲ್ಲ ಬಿಡಿಸಿ ಬರೆಯಬೇಕು. ಸ್ಯಾಸ್ ವೇರಿಯಬಲ್‌ಗಳನ್ನು ಸಿಎಸ್‌ಎಸ್ ಕಸ್ಟಮ್ ಪ್ರಾಪರ್ಟಿಗಳಿಗೆ ಬದಲಿಸುವುದು ಸುಲಭ, ಆದರೆ ಅವು ಮೀಡಿಯಾ ಕ್ವೆರಿಯ ಷರತ್ತಿನೊಳಗೆ ಕೆಲಸ ಮಾಡುವುದಿಲ್ಲ, ಅಲ್ಲಿ ಅಗಲದ ಅಂಕಿಗಳನ್ನು ನೇರವಾಗಿಯೇ ಬರೆಯಬೇಕು. ಮಾಡ್ಯೂಲ್ ಒಳಗೊಂದು ಮಾಡ್ಯೂಲ್ ಎಂದು ಸರಪಳಿ ಉದ್ದವಾದರೆ ನಿಧಾನಗತಿಯ ನೆಟ್‌ವರ್ಕ್‌ನಲ್ಲಿ ಒಂದಾದ ಮೇಲೆ ಒಂದು ಇಳಿಯುತ್ತಾ ಕಾಯಿಸುತ್ತವೆ. ಮಾಡ್ಯೂಲ್-ಪ್ರಿಲೋಡ್ ಟ್ಯಾಗ್‌ಗಳಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು.

ನಡುವಣ ದಾರಿಯೂ ಒಂದಿದೆ. ಜಾವಾಸ್ಕ್ರಿಪ್ಟನ್ನು ಬಂಡ್ಲರ್ ಇಲ್ಲದೆ ಇದ್ದಂತೆಯೇ ಬಿಟ್ಟು, ಸ್ಯಾಸ್‌ಗೆ ಮಾತ್ರ ಅದರ ಸ್ವಂತ ಕಮಾಂಡನ್ನು ವಾಚ್ ಆಯ್ಕೆಯೊಂದಿಗೆ ಬಳಸುವುದು. ಹೆಸರಿಗೆ ಹ್ಯಾಶ್ ಸೇರಿಸುವ ಕೆಲಸವನ್ನು ಜಾಂಗೊದ ಮ್ಯಾನಿಫೆಸ್ಟ್ ಸ್ಟ್ಯಾಟಿಕ್ ಫೈಲ್ಸ್ ಸ್ಟೋರೇಜ್ ತಾನೇ ಮಾಡುತ್ತದೆ.

—

ಅಕ್ಷರಪ್ರೇಮಿ:

ಫಾಂಟ್‌ಗಳ ಪ್ರಶ್ನೆಯನ್ನು ಯಾರೂ ಎತ್ತಿಕೊಂಡಿಲ್ಲವಾದ್ದರಿಂದ ಅದಕ್ಕಷ್ಟೇ ಉತ್ತರಿಸುತ್ತೇನೆ. ಯಾವ ಬಂಡ್ಲರ್ ಆರಿಸಿಕೊಂಡರೂ ಇದು ಅನ್ವಯಿಸುತ್ತದೆ.

ಕನ್ನಡ ಫಾಂಟಿನ ಗಾತ್ರ ತಗ್ಗಿಸಲು ಬೇಡದ ಅಕ್ಷರಗಳನ್ನು ತೆಗೆದುಹಾಕುವ ಸಬ್‌ಸೆಟ್ಟಿಂಗ್ ಹಂತವನ್ನು ಹಲವರು ಬಿಲ್ಡ್‌ನಲ್ಲೇ ಸೇರಿಸುತ್ತಾರೆ. ಲ್ಯಾಟಿನ್ ಲಿಪಿಯ ಮಾದರಿಯನ್ನು ನೋಡಿ ಹಾಗೆ ಮಾಡಿದರೆ ಕನ್ನಡ ಕೆಡುತ್ತದೆ. ಕನ್ನಡದ ಯೂನಿಕೋಡ್ ವ್ಯಾಪ್ತಿ 0C80ರಿಂದ 0CFFರವರೆಗೆ. ಆದರೆ ಅಷ್ಟನ್ನೇ ಉಳಿಸಿಕೊಂಡರೆ ಸಾಲದು. ಪದದ ನಡುವೆ ಅರ್ಧಾಕ್ಷರವನ್ನು ಒತ್ತಾಗದಂತೆ ಹಿಡಿದಿಡುವ ಶೂನ್ಯ ಅಗಲದ ನಾನ್-ಜಾಯಿನರ್ 200Cಯಲ್ಲಿದೆ, ಜಾಯಿನರ್ 200Dಯಲ್ಲಿದೆ, ದಂಡ ಮತ್ತು ಜೋಡಿ ದಂಡಗಳು 0964 ಮತ್ತು 0965ರಲ್ಲಿವೆ. "ಸಾಫ್ಟ್‌ವೇರ್" ಎಂದು ಬರೆದದ್ದು ಸರಿಯಾಗಿ ಕಾಣಬೇಕಾದರೆ 200C ಬೇಕೇ ಬೇಕು. ಸಿಎಸ್‌ಎಸ್‌ನ ಯೂನಿಕೋಡ್-ರೇಂಜ್‌ನಲ್ಲಿಯೂ ಇವೆಲ್ಲವೂ ಇರಬೇಕು, ಇಲ್ಲದಿದ್ದರೆ ಬ್ರೌಸರ್ ಒಂದೇ ಪದವನ್ನು ಎರಡು ಫಾಂಟ್‌ಗಳ ನಡುವೆ ಒಡೆಯುವ ಸಂಭವವಿದೆ.

ಇದಕ್ಕಿಂತ ಮುಖ್ಯವಾದದ್ದು ಫಾಂಟಿನೊಳಗಿನ ಲೇಔಟ್ ನಿಯಮಗಳು. ಒತ್ತಕ್ಷರಗಳು, ಅರ್ಕಾವತ್ತು, ಗುಣಿತಾಕ್ಷರದ ಜೋಡಣೆ ಎಲ್ಲವೂ ಆ ಕೋಷ್ಟಕಗಳಲ್ಲೇ ಇರುತ್ತವೆ. ಫಾಂಟ್‌ಟೂಲ್ಸ್‌ನ ಪೈಎಫ್‌ಟಿಸಬ್‌ಸೆಟ್ ಬಳಸುವುದಾದರೆ ಲೇಔಟ್-ಫೀಚರ್ಸ್ ಆಯ್ಕೆಗೆ ನಕ್ಷತ್ರ ಚಿಹ್ನೆ ಕೊಟ್ಟು ಎಲ್ಲವನ್ನೂ ಉಳಿಸಿಕೊಳ್ಳಿ. ಪರೀಕ್ಷಿಸಲು "ಸ್ತ್ರೀ", "ರಾಷ್ಟ್ರ", "ಲಕ್ಷ್ಮಿ", "ಸೂರ್ಯ" ಇವನ್ನು ಒಂದು ಪುಟದಲ್ಲಿ ಬರೆದು, ಸಬ್‌ಸೆಟ್ ಮಾಡುವ ಮೊದಲಿನ ಮತ್ತು ನಂತರದ ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಡೆದದ್ದು ತಕ್ಷಣ ಕಣ್ಣಿಗೆ ಬೀಳುತ್ತದೆ. ಹೊರಬರುವ ಫೈಲ್ ವಾಫ್2 ರೂಪದಲ್ಲಿದ್ದರೆ ಸಾಕು.

ಜಾವಾಸ್ಕ್ರಿಪ್ಟ್ ಒಳಗೆ ಕನ್ನಡ ಸಂದೇಶಗಳಿದ್ದರೆ ಇನ್ನೊಂದು ಎಚ್ಚರಿಕೆ. ಇಎಸ್‌ಬಿಲ್ಡ್ ಎಂಬ ಬಂಡ್ಲರನ್ನು ನೇರವಾಗಿ ಬಳಸಿದರೆ ಅದು ಆಸ್ಕಿಯಲ್ಲದ ಅಕ್ಷರಗಳನ್ನೆಲ್ಲ ಎಸ್ಕೇಪ್ ರೂಪಕ್ಕೆ ಬದಲಿಸುತ್ತದೆ. ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುವ ಕನ್ನಡದ ಒಂದು ಅಕ್ಷರ ಸಂಕೇತ ಆಗ 6 ಬೈಟ್ ಆಗುತ್ತದೆ. ಕ್ಯಾರ್‌ಸೆಟ್ ಆಯ್ಕೆಯಲ್ಲಿ ಯುಟಿಎಫ್-8 ಎಂದು ಸೂಚಿಸಿದರೆ ಇದು ತಪ್ಪುತ್ತದೆ.

ಸ್ಯಾಸ್ ಫೈಲ್‌ಗಳನ್ನು ಹೇಗೂ ಕೈಗೆತ್ತಿಕೊಳ್ಳುತ್ತಿದ್ದೀರಿ. ಲೆಟರ್-ಸ್ಪೇಸಿಂಗ್ ಎಲ್ಲೆಲ್ಲಿದೆ ಎಂದು ಹುಡುಕಿ ಕನ್ನಡ ಪಠ್ಯದಿಂದ ತೆಗೆದುಹಾಕಿ. ಬಟನ್‌ಗಳಲ್ಲಿ ಲೈನ್-ಹೈಟ್ 1.2 ಇದ್ದು ಓವರ್‌ಫ್ಲೋ ಹಿಡನ್ ಕೂಡ ಇದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ, 1.5ರ ಆಸುಪಾಸಿನಲ್ಲಿ ಇಟ್ಟರೆ ಒಳ್ಳೆಯದು.

—

ತುಂಗಾತೀರ:

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಸ್ಯಾಸ್ ಬದಲಾವಣೆ ಮುಗಿದಿದೆ. ದಶಮಾಂಶದ ವ್ಯತ್ಯಾಸಗಳನ್ನು ಬದಿಗಿಟ್ಟರೆ ಪರಿಶೀಲಿಸಬೇಕಾದದ್ದು ಕೆಲವೇ ಸಾಲುಗಳಿದ್ದವು. ನೇರದಾರಿ ಅವರ ವಾದ ನನಗೆ ಒಪ್ಪಿಗೆಯಾಯಿತು. ಆದರೂ ಸಾಲದ ಅರ್ಜಿಯ ಭಾಗವನ್ನು ಮುಂದೆ ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆಯಬೇಕೆಂಬ ತೀರ್ಮಾನ ತಂಡದಲ್ಲಿ ಆಗಿರುವುದರಿಂದ ವೀಟ್‌ನ ಕಡೆಗೇ ವಾಲಿದ್ದೇವೆ.

ಈಗ ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಜೆಕ್ವೆರಿಯನ್ನು ವೀಟ್‌ನ ಮುಖ್ಯ ಫೈಲಿನಲ್ಲಿ ಇಂಪೋರ್ಟ್ ಮಾಡಿ, ವಿಂಡೋಗೆ ಡಾಲರ್ ಹೆಸರಿನಲ್ಲಿ ಕಟ್ಟಿದ್ದೇನೆ. ಆದರೂ ಟೆಂಪ್ಲೇಟ್‌ಗಳೊಳಗೆ ಅಲ್ಲಲ್ಲಿ ಬರೆದಿರುವ ಸ್ಕ್ರಿಪ್ಟ್‌ಗಳು ಡಾಲರ್ ಗೊತ್ತಿಲ್ಲ ಎನ್ನುತ್ತವೆ. ಕೋಷ್ಟಕದ ಪ್ಲಗಿನ್ ಕೂಡ ಜೆಕ್ವೆರಿ ಸಿಗುತ್ತಿಲ್ಲ ಎನ್ನುತ್ತದೆ. ಇದಕ್ಕೇನು ಮಾಡಬೇಕು? ಹೊಸ ಆವೃತ್ತಿ ಹಾಕುವಾಗ ಬಳಕೆದಾರರ ಬ್ರೌಸರ್‌ನಲ್ಲಿ ಹಳೆಯ ಫೈಲ್ ಉಳಿದು ತೊಂದರೆಯಾಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

—

ಪುಟಶಿಲ್ಪ:

ಟೈಪ್‌ಸ್ಕ್ರಿಪ್ಟ್ ಬರುವುದಿದ್ದರೆ ನಿಮ್ಮ ಆಯ್ಕೆ ಸರಿ. ವೀಟ್ ಟೈಪ್‌ಗಳನ್ನು ತೆಗೆದುಹಾಕುತ್ತದೆಯೇ ಹೊರತು ಪರೀಕ್ಷಿಸುವುದಿಲ್ಲ ಎಂಬುದು ಮಾತ್ರ ಗಮನದಲ್ಲಿರಲಿ. ಬಿಲ್ಡ್‌ಗೆ ಮೊದಲು ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಆದ ಟಿಎಸ್‌ಸಿಯನ್ನು ನೋ-ಎಮಿಟ್ ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಬೇಕು.

ಜೆಕ್ವೆರಿಯ ಎರಡು ತೊಂದರೆಗಳೂ ಕ್ರಮಕ್ಕೆ ಸಂಬಂಧಿಸಿದವು. ಮಾಡ್ಯೂಲ್ ಸ್ಕ್ರಿಪ್ಟ್‌ಗಳು ಪುಟವನ್ನು ಪೂರ್ತಿ ಓದಿದ ನಂತರವೇ ಓಡುತ್ತವೆ. ಟೆಂಪ್ಲೇಟ್‌ನೊಳಗಿನ ಸಾಮಾನ್ಯ ಸ್ಕ್ರಿಪ್ಟ್‌ಗಳು ಬ್ರೌಸರ್ ಆ ಸಾಲಿಗೆ ಬಂದ ಕೂಡಲೇ ಓಡುತ್ತವೆ. ಹಾಗಾಗಿ ನೀವು ವಿಂಡೋಗೆ ಕಟ್ಟುವ ಮೊದಲೇ ಅವು ಡಾಲರನ್ನು ಕೇಳಿ ಆಗಿರುತ್ತದೆ. ಪ್ಲಗಿನ್‌ನದ್ದು ಬೇರೆ: ಒಂದು ಫೈಲಿನ ಎಲ್ಲ ಇಂಪೋರ್ಟ್‌ಗಳೂ ಆ ಫೈಲಿನ ಉಳಿದ ಸಾಲುಗಳಿಗಿಂತ ಮೊದಲೇ ನಡೆದುಹೋಗುತ್ತವೆ. ಜೆಕ್ವೆರಿ ಇಂಪೋರ್ಟ್, ವಿಂಡೋಗೆ ಕಟ್ಟುವ ಸಾಲು, ಪ್ಲಗಿನ್ ಇಂಪೋರ್ಟ್ ಎಂದು ನೀವು ಬರೆದಿದ್ದರೂ ಓಡುವಾಗ ಪ್ಲಗಿನ್ ಮೊದಲು, ಕಟ್ಟುವ ಸಾಲು ಆಮೇಲೆ. ವಿಂಡೋಗೆ ಕಟ್ಟುವ ಸಾಲನ್ನು ಒಂದು ಚಿಕ್ಕ ಪ್ರತ್ಯೇಕ ಫೈಲಿಗೆ ಹಾಕಿ, ಡಾಲರ್ ಮತ್ತು ಜೆಕ್ವೆರಿ ಎಂಬ ಎರಡೂ ಹೆಸರುಗಳನ್ನು ಅಲ್ಲಿ ಕೊಟ್ಟು, ಆ ಫೈಲನ್ನು ಪ್ಲಗಿನ್‌ಗಿಂತ ಮುಂಚೆ ಇಂಪೋರ್ಟ್ ಮಾಡಿದರೆ ಪ್ಲಗಿನ್ ಸರಿಹೋಗುತ್ತದೆ.

ಟೆಂಪ್ಲೇಟ್‌ನೊಳಗಿನ ಸ್ಕ್ರಿಪ್ಟ್‌ಗಳಿಗೆ ಇದು ಸಾಲದು. ಅವೆಲ್ಲ ಹೊರಗೆ ಹೋಗುವವರೆಗೆ ಜೆಕ್ವೆರಿ ಮತ್ತು ಅದರ ಪ್ಲಗಿನ್‌ಗಳನ್ನು ವೀಟ್‌ನಿಂದ ಹೊರಗಿಟ್ಟು, ಮೊದಲಿನಂತೆ ಹೆಡ್ ಭಾಗದಲ್ಲಿ ಸಾಮಾನ್ಯ ಸ್ಕ್ರಿಪ್ಟ್ ಟ್ಯಾಗ್‌ಗಳಾಗಿಯೇ ಇಡಿ. ಇದರಲ್ಲಿ ಕೀಳರಿಮೆ ಪಡಬೇಕಾದದ್ದು ಏನೂ ಇಲ್ಲ. ಬಳಿಕ ಒಂದೊಂದೇ ಪುಟವನ್ನು ತೆಗೆದುಕೊಂಡು ಅದರ ಸ್ಕ್ರಿಪ್ಟನ್ನು ವೀಟ್‌ನ ಎಂಟ್ರಿಯಾಗಿ ಬದಲಿಸಿ. ಅಂತಹ ಸ್ಕ್ರಿಪ್ಟ್‌ಗಳಲ್ಲಿ ಸಾಮಾನ್ಯವಾಗಿ ಟೆಂಪ್ಲೇಟ್ ವೇರಿಯಬಲ್‌ಗಳು ಸೇರಿಕೊಂಡಿರುತ್ತವೆ, ಉದಾಹರಣೆಗೆ ಬಡ್ಡಿ ದರ ಅಥವಾ ಕಂತುಗಳ ಪಟ್ಟಿ. ಆ ಮಾಹಿತಿಯನ್ನು ಜಾಂಗೊದ ಜೇಸನ್-ಸ್ಕ್ರಿಪ್ಟ್ ಫಿಲ್ಟರ್ ಮೂಲಕ ಪುಟದಲ್ಲಿ ಬರೆದು, ಹೊರಗಿನ ಫೈಲಿನಿಂದ ಓದಿಕೊಳ್ಳಿ. ಕೋನ ಆವರಣಗಳನ್ನೂ ಆಂಪರ್ಸೆಂಡನ್ನೂ ಆ ಫಿಲ್ಟರೇ ಎಸ್ಕೇಪ್ ಮಾಡುವುದರಿಂದ, ಸದಸ್ಯರ ಹೆಸರಿನ ಜಾಗದಲ್ಲಿ ಯಾರಾದರೂ ಸ್ಕ್ರಿಪ್ಟ್ ಟ್ಯಾಗ್ ತುಂಬಿದರೂ ಅದು ಓಡುವುದಿಲ್ಲ. ಒಳಗಿನ ಸ್ಕ್ರಿಪ್ಟ್‌ಗಳೆಲ್ಲ ಹೋದ ಮೇಲೆ ಯಾವ ಸ್ಕ್ರಿಪ್ಟ್ ಓಡಬಹುದೆಂದು ಬ್ರೌಸರ್‌ಗೆ ಹೇಳುವ ಕಟ್ಟುನಿಟ್ಟಾದ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯನ್ನೂ ಹಾಕಬಹುದು. ಇಂತಹ ಅಪ್ಲಿಕೇಶನ್‌ಗೆ ಅದು ಬಹಳ ಬೆಲೆಯುಳ್ಳದ್ದು.

ಹಳೆಯ ಫೈಲ್‌ಗಳ ವಿಷಯ. ವೀಟ್ ತಾನೇ ಹೆಸರಿಗೆ ಹ್ಯಾಶ್ ಸೇರಿಸುವುದರಿಂದ ಅದರ ಫೈಲ್‌ಗಳಿಗೆ ಜಾಂಗೊದ ಮ್ಯಾನಿಫೆಸ್ಟ್ ಸ್ಟೋರೇಜ್ ಮತ್ತೊಂದು ಹ್ಯಾಶ್ ಅಂಟಿಸಬಾರದು. ಒಂದೇ ಮಾಡ್ಯೂಲ್ ಎರಡು ವಿಳಾಸಗಳಲ್ಲಿ ಸಿಕ್ಕರೆ ಬ್ರೌಸರ್ ಅದನ್ನು ಎರಡು ಸಲ ಓಡಿಸುತ್ತದೆ. ಒಂದೇ ಬಟನ್‌ಗೆ ಎರಡು ಕ್ಲಿಕ್ ಹ್ಯಾಂಡ್ಲರ್‌ಗಳು ಸೇರಿ, ಒಂದು ಕಂತಿನ ಪಾವತಿ ಎರಡು ಸಲ ಸಲ್ಲಿಕೆಯಾಗುವಷ್ಟು ಅಪಾಯ ಇದರಲ್ಲಿದೆ. ವೈಟ್‌ನಾಯ್ಸ್ (ಸ್ಟ್ಯಾಟಿಕ್ ಫೈಲ್‌ಗಳನ್ನು ಅಪ್ಲಿಕೇಶನ್‌ನಿಂದಲೇ ಒದಗಿಸುವ ಪ್ಯಾಕೇಜು) ಬಳಸುತ್ತಿದ್ದರೆ ಅದರ ಇಮ್ಯೂಟಬಲ್ ಫೈಲ್ ಟೆಸ್ಟ್ ಸೆಟ್ಟಿಂಗ್‌ನಲ್ಲಿ ವೀಟ್‌ನ ಹೆಸರಿನ ಮಾದರಿಯನ್ನು ಕೊಟ್ಟರೆ ಆ ಫೈಲ್‌ಗಳಿಗೆ ದೀರ್ಘಾವಧಿಯ ಕ್ಯಾಷ್ ಹೆಡರ್ ಸಿಗುತ್ತದೆ.

ನೀವು ಹೊಸ ಆವೃತ್ತಿ ಹಾಕುವ ಹೊತ್ತಿಗೆ ಕಚೇರಿಯಲ್ಲಿ ಕೆಲವರು ಪುಟವನ್ನು ತೆರೆದಿಟ್ಟುಕೊಂಡೇ ಇರುತ್ತಾರೆ. ಅವರ ಪುಟ ಇನ್ನೂ ಹಳೆಯ ಹ್ಯಾಶ್‌ನ ತುಂಡುಗಳನ್ನೇ ಕೇಳುತ್ತದೆ, ಅವು ಅಳಿಸಿಹೋಗಿದ್ದರೆ 404 ಬರುತ್ತದೆ. ಸ್ಟ್ಯಾಟಿಕ್ ಫೈಲ್‌ಗಳನ್ನು ಒಂದೆಡೆ ಸೇರಿಸುವ ಜಾಂಗೊದ ಕಲೆಕ್ಟ್‌ಸ್ಟ್ಯಾಟಿಕ್ ಕಮಾಂಡಿಗೆ ಕ್ಲಿಯರ್ ಆಯ್ಕೆ ಕೊಡದಿದ್ದರೆ ಹಳೆಯ ಫೈಲ್‌ಗಳು ಹಾಗೆಯೇ ಉಳಿಯುತ್ತವೆ, ಹಾಗೆ ಉಳಿಯುವುದೇ ಇಲ್ಲಿ ಬೇಕಾದದ್ದು. ಆದರೆ ಡಾಕರ್ ಇಮೇಜಿನೊಳಗೇ ಸ್ಟ್ಯಾಟಿಕ್ ಫೈಲ್‌ಗಳಿದ್ದರೆ ಪ್ರತಿ ಸಲವೂ ಹಳೆಯವು ಹೋಗಿಬಿಡುತ್ತವೆ. ಆಗ ಅವನ್ನು ಇಮೇಜಿನ ಹೊರಗಿನ ವಾಲ್ಯೂಮ್‌ನಲ್ಲಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಹಳತನ್ನು ತೆಗೆದರೆ ಸಾಕು.